ಅಪ್ಪನ ಎಡಗೈ

ಅಪ್ಪನ ಎಡ ಅಂಗೈಯಿಂದ ಇಷ್ಟಲಿಂಗ ಜಾರಿ ಬಿದ್ದದ್ದನ್ನು ನಾನು ನೋಡಿದೆ. ಎರಡು ಸಾವಿರದ ಮೂರನೇ ಇಸವಿ, ಜುಲೈ ಏಳು, ಸೋಮವಾರ, ಬೆಳಗಿನ ಆರೂಕಾಲು ಗಂಟೆ. ಅವತ್ತೇ ಡೈರಿಯಲ್ಲಿ ಬರೆದುಕೊಂಡಿದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ.

ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಪೂಜೆಗೆ ಬೇರೆ ಕೋಣೆ ಇರಲಿಲ್ಲ. ಹಾಲಿನ ಒಂದು ಮೂಲೆಗೆ ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಪರದೆ ಮಾಡಿ ಕಟ್ಟಿದ್ದಳು. ಅದರ ಹಿಂದೆ ಅಪ್ಪ ಮಣೆಯ ಮೇಲೆ ಕೂತು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ಭಸ್ಮ ಧರಿಸಿ, ಪತ್ರಿ ಏರಿಸಿ, ಅದನ್ನೇ ದಿಟ್ಟಿಸುತ್ತ ಹತ್ತು ನಿಮಿಷ ಅಲುಗದೆ ಕೂರುತ್ತಿದ್ದರು. ಆ ಕೈ ನಡುಗಿದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ.

ಅವತ್ತು ಪತ್ರಿಯ ತಟ್ಟೆ ಕೊಡಲು ಪರದೆ ಸರಿಸಿದೆ. ಅಂಗೈ ನಿಧಾನವಾಗಿ ಒಂದು ಕಡೆ ವಾಲುತ್ತಿತ್ತು. ಅಪ್ಪ ಅದನ್ನು ನೋಡುತ್ತಲೇ ಇದ್ದರು, ಆದರೆ ಕೈ ಸರಿಮಾಡಿಕೊಳ್ಳಲಿಲ್ಲ. ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು. ಲಿಂಗ ಮಣೆಯ ಅಂಚಿಗೆ ಬಡಿದು ಚಾಪೆಯ ಮೇಲೆ ಉರುಳಿತು. ಅಪ್ಪ ಬಲಗೈಯಿಂದ ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ಹಣೆಯ ಭಸ್ಮದ ಮೇಲೆ ಬೆವರು ಇಳಿಯಿತು. ನಾನು ಸದ್ದಾಗದಂತೆ ಹಿಂದೆ ಸರಿದೆ.

ನಮ್ಮವರಲ್ಲಿ ಇದು ಸಣ್ಣ ಸಂಗತಿಯಲ್ಲ. ಅಪ್ಪನ ಅಕ್ಕ ಯಲ್ಲವ್ವ, ನನ್ನ ಸೋದರತ್ತೆ, ಹೊಳೆಯಲ್ಲಿ ಸ್ನಾನ ಮಾಡುವಾಗ ಲಿಂಗ ಕಳೆದುಕೊಂಡಿದ್ದಳಂತೆ. ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವ ತನಕ ಮೂರು ದಿನ ಹನಿ ನೀರು ಮುಟ್ಟಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಎಮ್ಮೆ ಸತ್ತರೂ, ಸೊಸೆಗೆ ಗರ್ಭ ನಿಲ್ಲದಿದ್ದರೂ, ಊರಿನ ಮಂದಿ ಅದೇ ಸಂಗತಿ ಎತ್ತುತ್ತಿದ್ದರು. ಅದನ್ನೆಲ್ಲ ಕೇಳಿಕೊಂಡೇ ಬೆಳೆದವರು ಅಪ್ಪ. ನಾನು ನೋಡಿದ್ದು ಗೊತ್ತಾದರೆ ಅವರ ಮುಖ ಹೇಗಾಗಬಹುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆ ಕೈಗೆ ಏನಾಗಿದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಅವತ್ತು ಅಪ್ಪ ನಾಷ್ಟಾಕ್ಕೆ ಕೂರಲಿಲ್ಲ.

“ಶ್ರಾವಣ ಮುಗಿಯೂತನಕ ಒಪ್ಪತ್ತು ಹಿಡದೇನಿ. ಸಂಜೀ ಪೂಜಿ ಆದ ಮ್ಯಾಲೆ ಉಣ್ತೇನಿ,” ಎಂದರು.

“ಆಷಾಢದಾಗ ಸುರು ಮಾಡೂ ಒಪ್ಪತ್ತು ಯಾವುದ್ರೀ?” ಎಂದು ಅವ್ವ ಕೇಳಿದಳು.

“ಅನಿಸ್ತು, ಹಿಡದೆ.”

“ಗುಳಿಗಿ?”

“ಹೊಟ್ಯಾಗ ಏನೂ ಇಲ್ದ ಗುಳಿಗಿ ನುಂಗಬಾರದು. ತಲಿ ತಿರಗಿದ್ರ ತಗೋತೇನಿ.”

ಅದು ಬಿಪಿಯ ಮಾತ್ರೆ. ಹನ್ನೊಂದು ವರ್ಷದಿಂದ ಬೆಳಗಿನ ರೊಟ್ಟಿಯ ನಂತರ ತೆಗೆದುಕೊಳ್ಳುತ್ತಿದ್ದರು, ಅದೂ ನೆನಪಾದಾಗ. ಅವ್ವ ಹೆಚ್ಚು ಜಗ್ಗಾಡಲಿಲ್ಲ. ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ನಿಮ್ಮಪ್ಪ ಬಾಯಿಬಿಟ್ಟ ಹೇಳೂ ಪೈಕಿ ಅಲ್ಲ. ನಿನ್ನ ಲಗ್ನದ ಸಲುವಾಗಿನ ಹಿಡದಾರ, ನೋಡ,” ಎಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಮ್ಮೂರು ನರಗುಂದ ಬಿಟ್ಟ ಮೇಲೆ ನಾನು ಕಂಡಿರಲಿಲ್ಲ. ಆ ಬೆಳಕನ್ನು ಆರಿಸುವ ಧೈರ್ಯ ನನಗಾಗಲಿಲ್ಲ.

ಅಪ್ಪ ಊರಲ್ಲಿ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ನಿವೃತ್ತರಾದ ಮೇಲೆ ಬಿಳೇಕಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿ ಸಿಕ್ಕಿತೆಂದು ನಾವು ಬೆಂಗಳೂರಿಗೆ ಬಂದೆವು. ಒಂಬತ್ತು ಬಸ್ಸು, ಹತ್ತು ಜನ ಡ್ರೈವರುಗಳು. ಯಾವ ಡ್ರೈವರ್ ರಜೆ, ಯಾವ ಬಸ್ಸು ಗ್ಯಾರೇಜಿನಲ್ಲಿ ಎಂದು ನೋಡಿಕೊಂಡು, ಮರುದಿನ ಯಾವ ಬಸ್ಸು ಯಾವ ಕಡೆ, ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಎಂದು ಅಪ್ಪ ದಿನಾ ಸಂಜೆ ಮನೆಯಲ್ಲಿ ಕೂತು ಒಂದು ಹಾಳೆ ಬರೆಯುತ್ತಿದ್ದರು. ಇಡೀ ಊರಿನ ರಸ್ತೆಗಳು ಅವರ ತಲೆಯಲ್ಲಿ ಹೆಣೆದುಕೊಂಡಿದ್ದವು.

ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನು ಆ ತಿಂಗಳು ಎರಡು ಇಂಟರ್‌ವ್ಯೂಗೆ ಹೋಗಿ, ಎರಡರಲ್ಲೂ ಹೆಸರು ಹೇಳುವಷ್ಟರಲ್ಲೇ ಗಂಟಲು ಕಟ್ಟಿ ವಾಪಸು ಬಂದಿದ್ದೆ.

ಜುಲೈ ಹದಿನಾರರಂದು ಮುನಿಯಣ್ಣ ಮನೆಗೆ ಬಂದ. ಶಾಲೆಯ ಹಿರಿಯ ಡ್ರೈವರ್. ಅಪ್ಪ ಕ್ಷೌರಕ್ಕೆ ಹೋಗಿದ್ದರು, ಅವ್ವ ಮಾರ್ಕೆಟ್ಟಿಗೆ.

“ಸಾರ್ ಇಲ್ವಾ? ಇಲ್ದಿದ್ದೇ ಒಳ್ಳೇದಾಯ್ತು ಬಿಡಮ್ಮ,” ಎಂದು ಬಾಗಿಲಲ್ಲೇ ನಿಂತ. “ಇವತ್ತು ಅಂಜನಾಪುರಕ್ಕೆ ಎರಡು ಗಾಡಿ ಬರ್ದವ್ರೆ. ಸುಬ್ರಹ್ಮಣ್ಯಪುರಕ್ಕೆ ಒಂದೂ ಇಲ್ಲ. ಇಪ್ಪತ್ತೆರಡು ಮಕ್ಕಳು ಒಂಬತ್ತು ಗಂಟೆ ತಂಕ ರೋಡಲ್ಲಿ. ನಾನೇ ಗಾಡಿ ತಿರುಗಿಸ್ಕೊಂಡು ಹೋಗಿ ಎತ್ಕೊಂಡ್ ಬಂದೆ.”

“ಶಾಲಿಯೊಳಗ ಏನಂದ್ರು?” ನನ್ನ ದನಿ ನನಗೇ ಕೇಳಲಿಲ್ಲ.

“ಪಂಚರ್ ಅಂದೆ. ಇನ್ನೇನ್ ಹೇಳ್ಲಿ? ನಿಮ್ಮಪ್ಪ ದೇವ್ರಂಥ ಮನುಷ್ಯ. ನನ್ ಮಗಳ ಬಾಣಂತನಕ್ಕೆ ಹದಿನೈದು ದಿನ ರಜ ಕೊಟ್ಟೋರು. ವಯಸ್ಸಾಯ್ತು, ಅದ್ರ ಮೇಲೆ ಉಪ್ವಾಸ ಬೇರೆ. ಹಾಳೆ ಬರೆದ್ಮೇಲೆ ಒಂದ್ಸಲ ನೀನು ಕಣ್ಣಾಡ್ಸಿಬಿಡು ತಾಯಿ. ಓದಿರೋಳು. ಸಾರ್‌ಗೆ ಗೊತ್ತಾಗೋದು ಬೇಡ.”

ಮರುದಿನದಿಂದ, ಅಪ್ಪ ಸಂಜೆ ಹಾಳೆ ಬರೆದಿಟ್ಟು ಸ್ನಾನಕ್ಕೆ ಹೋದ ಕೂಡಲೇ ನಾನು ಅದನ್ನು ನೋಡತೊಡಗಿದೆ. ಮೊದಲ ದಿನ ಒಂದು ತಪ್ಪಿತ್ತು. ತಿದ್ದಿದರೆ ಗೊತ್ತಾಗುತ್ತದೆಂದು ಇಡೀ ಹಾಳೆಯನ್ನು ಅವರದೇ ಅಕ್ಷರದಂತೆ ಹೊಸದಾಗಿ ಬರೆದಿಟ್ಟೆ. ಜುಲೈ ಕೊನೆಯ ಹೊತ್ತಿಗೆ ಒಂದು ಹಾಳೆಯಲ್ಲಿ ಆರೇಳು ತಪ್ಪು. ಸ್ಟಾಪುಗಳ ಹೆಸರೆಲ್ಲ ಅವರಿಗೆ ನೆನಪಿದ್ದವು, ಒಂದೂ ಮರೆತಿರಲಿಲ್ಲ. ಯಾವುದರ ನಂತರ ಯಾವುದು ಎಂಬುದೇ ಕೂಡಿಬರುತ್ತಿರಲಿಲ್ಲ. ಆಗಸ್ಟಿನಲ್ಲಿ ನಾನು ಅವರ ಹಾಳೆಯನ್ನು ಪಕ್ಕಕ್ಕಿಟ್ಟು, ಡ್ರೈವರುಗಳ ರಜೆಯ ಚೀಟಿ ನೋಡಿ, ಮೊದಲಿನಿಂದ ನಾನೇ ಬರೆಯುತ್ತಿದ್ದೆ. ಶಾಲೆಯಲ್ಲಿ ಮತ್ತೆ ಯಾವ ಗೊಂದಲವೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ಒಳಗೊಳಗೆ ಒಂದು ಹೆಮ್ಮೆಯೂ ಇತ್ತು.

ಕೈ, ಹಾಳೆ ಅಷ್ಟೇ ಅಲ್ಲ. ಅಪ್ಪನ ಹೆಜ್ಜೆ ಮೇ ತಿಂಗಳಿಂದಲೇ ಚಿಕ್ಕದಾಗಿತ್ತು. ನೆಲಕ್ಕೆ ಅಂಟಿಕೊಂಡಂತೆ ಪಾದ ಎಳೆಯುತ್ತಿದ್ದರು. ಒಂದು ದಿನ ಟಿವಿಯಲ್ಲಿ ಹವಾಮಾನ ವರದಿ ನೋಡುತ್ತ ಕಣ್ಣಲ್ಲಿ ನೀರು ತಂದುಕೊಂಡರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಕೆಳಗಿನ ಮನೆಯ ಓನರ್ ಉಮಾಮಹೇಶ್ವರಿ ಆಂಟಿ ಅವ್ವನನ್ನು ಮೆಟ್ಟಿಲಲ್ಲಿ ಹಿಡಿದು ಕೇಳಿದರು.

“ಏನ್ರೀ ದಾನಮ್ಮನೋರೆ, ನಿಮ್ಮೆಜಮಾನ್ರು ಮೆಟ್ಲು ಹತ್ತೋದು ಮದುಮಗಳು ಹಸೆಗೆ ಬಂದಂಗಿದೆ. ಒಂದ್ಸಲ ಡಾಕ್ಟರಿಗೆ ತೋರಿಸ್ಬಾರ್ದಾ?”

“ವಯಸ್ಸಾತಲ್ರೀ. ಅದರಾಗ ಮಗಳ ಸಲುವಾಗಿ ಒಪ್ಪತ್ತು ಬ್ಯಾರೆ.”

“ವಯಸ್ಸು ನಂಗೂ ಆಗಿದೆ ಕಣ್ರೀ, ನಾನೇನ್ ಹಂಗ್ ನಡೀತೀನಾ?”

ಅವ್ವ ನಕ್ಕು ಮೇಲೆ ಬಂದಳು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದೆ. ಬರೆದರೆ ಹೇಳಿದಷ್ಟೇ ಹಗುರವಾಗುತ್ತಿತ್ತು.

ಶ್ರಾವಣದ ಎರಡನೇ ಸೋಮವಾರ, ಆಗಸ್ಟ್ ಹನ್ನೊಂದು. ಬೆಳಗ್ಗೆ ಅಪ್ಪ ಶಾಲೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದವರು ನಡುವೆಯೇ ನಿಂತು ಏನೋ ಕೂಗಿದರು. ಚಪ್ಪಲಿಯೋ ಛತ್ರಿಯೋ, ತಿಳಿಯಲಿಲ್ಲ. ಮಾತು ಬಾಯಿಯೊಳಗೇ ಮುದ್ದೆಯಾಗಿತ್ತು. ಕೆಳಗೆ ಬಾಗಿಲು ತೊಳೆಯುತ್ತಿದ್ದ ಆಂಟಿ ತಲೆ ಎತ್ತಿ ನೋಡಿ, ಕೈಲಿದ್ದ ಚೊಂಬು ಅಲ್ಲೇ ಬಿಟ್ಟರು.

“ನೀಲಕಂಠಪ್ಪನೋರೆ, ಕೂತ್ಕೊಳಿ, ಅಲ್ಲೇ ಕೂತ್ಕೊಳಿ. ಭಾಗ್ಯಾ, ನಿಮ್ಮಪ್ಪನ ಬಾಯಿ ನೋಡು, ಎಡಗಡೆ ಇಳ್ದಿದೆ. ಆಟೋ ಕರಿ, ಓಡು.”

ಜಯನಗರದ ಒಂದು ನರ್ಸಿಂಗ್ ಹೋಮಿಗೆ ಮುಟ್ಟುವಷ್ಟರಲ್ಲಿ ಅಪ್ಪನ ಮಾತು ಮುಕ್ಕಾಲು ಪಾಲು ಮರಳಿತ್ತು. “ಏನೂ ಆಗಿಲ್ಲ, ಉಪವಾಸದ ಸುಸ್ತು,” ಎಂದು ಸ್ಟ್ರೆಚರಿನಿಂದ ಇಳಿಯಲು ನೋಡಿದರು. ನರ್ಸ್ ಬಿಪಿ ನೋಡಿ, ನಂಬಿಕೆಯಾಗದೆ ಇನ್ನೊಂದು ಸಲ ಪಟ್ಟಿ ಸುತ್ತಿದಳು. ಇನ್ನೂರ ಹತ್ತು. ಡ್ರಿಪ್ ಹಾಕಿದರು, ಪಕ್ಕದ ರಸ್ತೆಯ ಸೆಂಟರಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಮಧ್ಯಾಹ್ನ ಡಾಕ್ಟರ್ ಚಿದಾನಂದ್ ನಮ್ಮ ಮೂವರನ್ನೂ ಕೋಣೆಗೆ ಕರೆಸಿ, ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಅಪ್ಪ ಗಾಲಿಕುರ್ಚಿಯಲ್ಲಿದ್ದರು.

ಕಪ್ಪು ಬೂದಿ ಬಣ್ಣಗಳ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಕೆಲವು ಕಡೆ ಚುಕ್ಕೆಗಳು ಕೂಡಿಕೊಂಡು, ಸುಣ್ಣ ಸೋರಿದ ಹಾಗೆ ಹರಡಿದ್ದವು.

“ಮಿದುಳಿನ ಹೊರಪದರ ಯೋಚನೆ ಮಾಡುತ್ತೆ ಅಂತ ಇಟ್ಕೊಳಿ,” ಎಂದರು ಡಾಕ್ಟರ್. “ಒಳಗಡೆ ಇರೋದು ವೈರಿಂಗು. ಈ ಭಾಗದ ಸುದ್ದೀನ ಆ ಭಾಗಕ್ಕೆ ಮುಟ್ಟಿಸೋದು. ಅದಕ್ಕೆ ರಕ್ತ ಕೊಡೋ ನಾಳಗಳು ಕೂದಲಿಗಿಂತ ಸಣ್ಣ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ರೆ ಅವು ಗಟ್ಟಿಯಾಗಿ ಮುಚ್ಕೊಳ್ತಾ ಹೋಗ್ತವೆ. ರಕ್ತ ಸಿಗದ ಜಾಗ ಹೀಗೆ ಬಿಳಿಯಾಗಿ ಕಾಣುತ್ತೆ.”

“ಅಂದ್ರ ಊರು ಅದಾವು, ರೂಟ್ ಬಂದ್ ಆಗ್ಯಾವು,” ಎಂದರು ಅಪ್ಪ.

ಡಾಕ್ಟರ್ ಮೊದಲ ಬಾರಿಗೆ ಅವರ ಮುಖವನ್ನು ಸರಿಯಾಗಿ ನೋಡಿದರು. “ಹೌದು. ಸರಿಯಾಗಿ ಹೇಳಿದ್ರಿ. ಏನು ಕೆಲಸ ನಿಮ್ಮದು?”

“ಶಾಲಿ ಬಸ್ಸಿನ ಉಸ್ತುವಾರಿ ರೀ.”

“ಕೆಲಸದಲ್ಲಿ ಏನಾದ್ರೂ ತಪ್ಪಾಗ್ತಿತ್ತಾ? ಲೆಕ್ಕ ತಪ್ಪೋದು, ಮುಂದೇನು ಮಾಡ್ಬೇಕು ಅಂತ ತೋಚದೆ ಇರೋದು?”

“ಒಂದೂ ತಪ್ಪಿಲ್ರಿ,” ಎಂದಳು ಅವ್ವ. “ಶಾಲಿಯವರು ಹೊಗಳತಾರ.”

“ಒಳ್ಳೇದು. ಕೈಕಾಲು? ಹಿಡಿದಿದ್ದು ಜಾರೋದು, ಬಲ ಕಮ್ಮಿ ಆಗೋದು, ಮುಂಚೆ ಯಾವತ್ತಾದ್ರೂ?”

“ಇಲ್ಲ,” ಎಂದರು ಅಪ್ಪ.

“ಮಾತ್ರೆ ದಿನಾ ತಗೋತಿದ್ರಾ?”

“ಹೂಂ.”

ಡಾಕ್ಟರ್ ಪೆನ್ನು ತೆಗೆದರು. “ಇದೇ ಮೊದಲನೇ ಸಲ, ಮಾತ್ರೆ ತಗೊಂಡೂ ಆಗಿದೆ ಅಂದ್ರೆ, ಮಾತ್ರೆ ಬದಲಾಯಿಸಿ ಸಂಜೆ ಮನೆಗೆ ಕಳಿಸ್ತೀನಿ. ಮುಂಚೆನೂ ಆಗಿದ್ರೆ ವಿಷಯ ಬೇರೆ. ಆಗ ಇಲ್ಲೇ ಇಟ್ಕೊಂಡು ನೋಡ್ಬೇಕು. ಇಂಥದ್ದು ಪದೇ ಪದೇ ಆಗೋರಿಗೆ, ಅದು ಸರಿಹೋದ್ಮೇಲೆ ದೊಡ್ಡ ಸ್ಟ್ರೋಕ್ ಹೊಡೆಯೋದು ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ.”

ಪೆನ್ನು ಚೀಟಿಯ ಮೇಲೆ ಓಡತೊಡಗಿತು. ಅಪ್ಪ ಫಿಲ್ಮ್ ನೋಡುತ್ತಿದ್ದರು, ಅವ್ವ ಅಪ್ಪನನ್ನು. ಸಂಜೆ ಇದೇ ಮನುಷ್ಯ ಅದೇ ಮೆಟ್ಟಿಲು ಹತ್ತುತ್ತಾರೆ, ನಾಳೆ ಖಾಲಿ ಹೊಟ್ಟೆಯಲ್ಲಿ ಅದೇ ಮೆಟ್ಟಿಲು ಇಳಿಯುತ್ತಾರೆ. ಚೀಟಿ ಮುಗಿಯಲು ಎರಡು ಸಾಲು ಉಳಿದಿತ್ತು.

“ಜುಲೈ ಏಳು,” ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

“ಜುಲೈ ಏಳನೇ ತಾರೀಖು ಎಡಗೈ ವಾಲಿತು ಸರ್. ಪೂಜಿ ಮಾಡುವಾಗ. ಲಿಂಗ ಜಾರಿ ಕೆಳಗ ಬಿತ್ತು. ಅವತ್ತಿನಿಂದ ಬೆಳಿಗ್ಗೆ ಊಟ ಇಲ್ಲ, ಗುಳಿಗಿನೂ ಇಲ್ಲ. ಸ್ಟ್ರಿಪ್‌ನಲ್ಲಿ ಒಂಬತ್ತು ಉಳಿದಿದ್ವು, ಇವತ್ತೂ ಒಂಬತ್ತ ಅದಾವು. ಹೆಜ್ಜಿ ಮೇ ತಿಂಗಳಿಂದ ಸಣ್ಣ ಆಗ್ಯಾವು.”

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಅಪ್ಪ ನನ್ನನ್ನು ನೋಡಲಿಲ್ಲ. ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಶಲ್ಯದ ತುದಿಯನ್ನು ಅದರ ಮೇಲೆ ಎಳೆದುಕೊಂಡರು.

“ನೀಲಕಂಠಪ್ಪನವರೇ,” ಎಂದರು ಡಾಕ್ಟರ್, ಈಗ ದನಿ ತಗ್ಗಿಸಿ. “ಬಲಗಡೆ ಒಳಗೆ ಈ ಚುಕ್ಕೆ ಇದೆಯಲ್ಲ, ಇದು ಎಡಗೈಯ ದಾರಿ. ಅವತ್ತು ಬಿದ್ದಿದ್ದು ಇದರಿಂದ. ನಿಮ್ಮ ತಪ್ಪಿನಿಂದ ಅಲ್ಲ.”

ಅಪ್ಪನಿಗೆ ಸಮಾಧಾನವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ಬಹಳ ಹೊತ್ತು ಆ ಚುಕ್ಕೆಯನ್ನು ನೋಡಿ, “ಇದು ಹೋಗತೈತೇನ್ರಿ?” ಎಂದು ಕೇಳಿದರು.

“ಬಂದಿರೋದು ಹೋಗಲ್ಲ. ಹೊಸದು ಬರದ ಹಾಗೆ ನೋಡ್ಕೋಬಹುದು.”

ಅಪ್ಪ ತಲೆಯಾಡಿಸಿದರು. ತಪ್ಪಾಗಿದ್ದರೆ ಅದನ್ನು ಕಳೆದುಕೊಳ್ಳುವ ದಾರಿ ಅವರಿಗೆ ಗೊತ್ತಿತ್ತು. ಅದಕ್ಕೇ ಮೂವತ್ತೈದು ದಿನ ಹಸಿದಿದ್ದರು. ಇದಕ್ಕೆ ಹಾಗೆ ಕಳೆದುಕೊಳ್ಳುವ ದಾರಿಯೇ ಇರಲಿಲ್ಲ.

ಹಾಳೆಗಳ ಸಂಗತಿ ಹೇಳಲು ನಾನು ಮತ್ತೆ ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನರ್ಸ್ ಗಾಲಿಕುರ್ಚಿಯನ್ನು ತಿರುಗಿಸಿದ್ದಳು. ಇದ್ದ ಧೈರ್ಯವೆಲ್ಲ ಕೈಯ ಮಾತಿಗೇ ಖರ್ಚಾಗಿತ್ತು.

ವಾರ್ಡಿನಲ್ಲಿ ಅವ್ವ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಐದೂವರೆಗೆ ಆಯಾ ಎರಡು ಇಡ್ಲಿ, ಒಂದು ಸಣ್ಣ ಬಟ್ಟಲಲ್ಲಿ ಮೂರು ಮಾತ್ರೆ ತಂದಿಟ್ಟಳು. ಅಪ್ಪ ತಟ್ಟೆಯನ್ನು ದೂರ ಸರಿಸಿದರು.

“ಪೂಜಿ ಆಗಿಲ್ಲ.”

“ಮೂವತ್ತೊಂದ ವರ್ಷ,” ಎಂದಳು ಅವ್ವ, ಕಿಟಕಿಯ ಕಡೆ ನೋಡುತ್ತ. “ಮೂವತ್ತೊಂದ ವರ್ಷ ನಿಮ್ಮ ಪತ್ರಿ ತಟ್ಟಿ ತೊಳದೇನಿ. ನನಗ ಒಂದ ಮಾತು ಹೇಳಲಿಲ್ಲ. ನಾ ಓಣಿ ತುಂಬ ಮಗಳ ಲಗ್ನದ ಒಪ್ಪತ್ತು ಅಂತ ಹೇಳಿಕೋತ ಅಡ್ಡಾಡಿದೆ.”

“ಹೇಳಿದ್ರ ನೀ ಅಳತಿದ್ದಿ, ದಾನವ್ವಾ.”

“ಅಳತಿದ್ದೆ. ಅತ್ತು, ಆಮ್ಯಾಲ ಗುಳಿಗಿ ಕೊಡತಿದ್ದೆ.”

ಅವಳು ಇಡ್ಲಿ ಮುರಿದು ಅವರ ಬಾಯಿಯ ಹತ್ತಿರ ಹಿಡಿದಳು. ಹಿಡಿದ ಕೈಯನ್ನು ಹಿಂದೆಗೆಯಲಿಲ್ಲ. ಅಪ್ಪ ಕಣ್ಣು ಮುಚ್ಚಿ ಬಾಯಿ ತೆರೆದರು. ಎಡ ಕಟವಾಯಿಯಿಂದ ಒಂದು ಚೂರು ಜಾರಿ ಗಲ್ಲದ ಮೇಲೆ ನಿಂತಿತು. ಅದು ಅವರಿಗೆ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಒರೆಸಿದಳು.

ಮಾತ್ರೆ ನುಂಗಿಯಾದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ.

“ಭಾಗ್ಯಾ, ನಾಳಿನ ಹಾಳಿ ಬರದೇನು?”

ಕೈಲಿದ್ದ ಮಾತ್ರೆಯ ಬಟ್ಟಲನ್ನು ಕೆಳಗಿಟ್ಟೆ.

“ನಿಮಗ ಗೊತ್ತಿತ್ತೇನಪ್ಪಾ?”

“ನನ್ನ ಅಕ್ಷರ ನನಗ ಗೊತ್ತಾಗೂದಿಲ್ಲೇನು?” ಮುಖದ ಬಲಭಾಗ ಮಾತ್ರ ನಕ್ಕಿತು. “ಮೊದಲನೇ ದಿನಾನ ಗೊತ್ತಾತು. ಚಲೋ ಬರೀತಿ. ಹಂಗ ನಡಸಿಕೋತ ಹೋಗು. ಎಂಟ ದಿನದಾಗ ನಾ ಎದ್ದ ಬರ್ತೇನಿ. ಯಾರಿಗೂ ಗೊತ್ತಾಗೂದಿಲ್ಲ. ಈ ಕೆಲಸಾನೂ ಹೋತಂದ್ರ ನಾ ಬೆಳಿಗ್ಗೆ ಎದ್ದು ಎಲ್ಲಿಗಿ ಹೋಗ್ಲಿ, ಹೇಳು.”

ಅವರು ಬೇಡುತ್ತಿದ್ದರು. ಅಪ್ಪ ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಹೂಂ ಎನ್ನುವುದು ಎಷ್ಟು ಸುಲಭವಾಗಿತ್ತು. ತಿಂಗಳಿಡೀ ನಾನು ಅದನ್ನೇ ಮಾಡಿದ್ದೆ. ಡಾಕ್ಟರ್ ಕೆಲಸದ ಬಗ್ಗೆ ಕೇಳಿದಾಗ, ನಾನು ಬರೆದ ಹಾಳೆಗಳನ್ನೇ ನಂಬಿ ಅವ್ವ ಒಂದೂ ತಪ್ಪಿಲ್ಲ ಎಂದಿದ್ದಳು, ಅವರು ಒಳ್ಳೆಯದು ಎಂದು ಮುಂದಕ್ಕೆ ಹೋಗಿದ್ದರು.

“ಇಲ್ಲಪ್ಪಾ,” ಎಂದೆ. “ಇನ್ನ ಬರಿಯೂದಿಲ್ಲ. ಡಾಕ್ಟರಿಗೂ ಹೇಳ್ತೇನಿ, ಶಾಲಿಗೂ ಹೇಳ್ತೇನಿ.”

ನಗು ಹೋಯಿತು. “ಇಷ್ಟ ಮಾತು ಎಲ್ಲಿ ಇಟಗೊಂಡಿದ್ದೀ ಇಷ್ಟ ದಿನ?” ಎಂದು ಗೋಡೆಯ ಕಡೆ ಹೊರಳಿದರು. ಹೊರಳುವಾಗ ಎಡಗೈ ಜೊತೆಗೆ ಬರಲಿಲ್ಲ. ಅದನ್ನು ನಾನೇ ಎತ್ತಿ ಅವರ ಮೈಮೇಲೆ ಇಟ್ಟೆ. ಬೆಳಿಗ್ಗೆಗಿಂತ ಭಾರವಾಗಿದೆಯೇ ಎಂದು ಅನುಮಾನವಾಗಿ ನರ್ಸನ್ನು ಕೂಗಿದೆ. ಆ ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಅವಳು ಬಂದು ಬೆರಳು ಹಿಡಿಸಿ ನೋಡಿ, ಡಾಕ್ಟರಿಗೆ ಫೋನ್ ಮಾಡಲು ಹೋದಳು. ಡಾಕ್ಟರ್ ಇಳಿದು ಬಂದರು. ಅವರು ಪರೀಕ್ಷೆ ಮಾಡುತ್ತಿದ್ದಂತೆಯೇ, ಮಂಚದ ಈ ಬದಿಯಲ್ಲಿ ನಿಂತು, ಹಾಳೆಗಳ ಸಂಗತಿಯನ್ನು ಹೇಳಿ ಮುಗಿಸಿದೆ. ಅವರು ತಲೆ ಎತ್ತದೆ, “ಇದನ್ನ ಮಧ್ಯಾಹ್ನವೇ ಹೇಳ್ಬೇಕಿತ್ತಮ್ಮ,” ಎಂದರು. ಡ್ರಿಪ್‌ಗೆ ಇನ್ನೊಂದು ಔಷಧಿ ಸೇರಿಸಲು ನರ್ಸಿಗೆ ಹೇಳಿದರು. ಇವತ್ತು ನಾಳೆ ಕಳೆಯಲಿ, ಆಮೇಲೆ ನೋಡೋಣ ಎಂದು ಅವ್ವನಿಗೆ ಹೇಳಿ ಹೋದರು.

ಕೆಳಗೆ ಔಷಧಿ ಅಂಗಡಿಯ ಪಕ್ಕದಲ್ಲಿ ಒಂದು ರೂಪಾಯಿ ಹಾಕುವ ಫೋನ್ ಇತ್ತು. ಶಾಲೆಯ ಹೆಡ್‌ಮಿಸ್ಟ್ರೆಸ್ ಶ್ರೀದೇವಿ ಮೇಡಂ ಅವರ ಮನೆಯ ನಂಬರ್ ಅಪ್ಪನ ಜೇಬಿನ ಪುಸ್ತಕದಲ್ಲಿತ್ತು. ಮೂರು ಸಲ ರಿಂಗಾಗುವಷ್ಟರಲ್ಲಿ ಇಟ್ಟುಬಿಡಬೇಕೆಂದು ಎರಡು ಸಲ ಅನಿಸಿತು.

“ಮೇಡಂ, ನಾನು ನೀಲಕಂಠಪ್ಪನವರ ಮಗಳು, ಭಾಗ್ಯಜ್ಯೋತಿ. ಅಪ್ಪನಿಗೆ ಸ್ಟ್ರೋಕ್ ಆಗಿದೆ. ನಾಳಿನ ಬಸ್ಸಿಗೆ ಹಾಳೆ ಇಲ್ಲ. ಮುನಿಯಣ್ಣನವರಿಗೆ ರೂಟ್ ಗೊತ್ತು, ಅವರನ್ನ ಕೇಳ್ಬೇಕು.”

“ಅಯ್ಯೋ, ಯಾವಾಗಮ್ಮ? ಮೊನ್ನೆ ತನಕ ಸರಿಯಾಗಿದ್ರಲ್ಲ. ಹಾಳೆ ಎಲ್ಲ ಎಷ್ಟು ಚೆನ್ನಾಗಿ…”

“ಅದು ನಾನು ಬರೀತಿದ್ದೆ ಮೇಡಂ. ಜುಲೈ ಹದಿನೇಳರಿಂದ.”

ಆ ಕಡೆ ಯಾರೋ ಟಿವಿಯ ಸದ್ದು ತಗ್ಗಿಸಿದರು.

“ಅಂದ್ರೆ ಅಪ್ಪನಿಗೆ ಆಗ್ತಿರ್ಲಿಲ್ವಾ? ಒಂದು ತಿಂಗಳಿಂದ? ಮಕ್ಕಳ ಬಸ್ಸಮ್ಮ ಅದು. ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?”

ಸಮಯ ಮುಗಿಯುತ್ತ ಬಂದಿದೆ ಎಂದು ಫೋನು ಕೀಂಗುಟ್ಟತೊಡಗಿತು. ಲೈನ್ ಕಡಿದುಹೋಗಿದ್ದರೆ ಉತ್ತರ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. ನಾನು ಪರ್ಸಿನಲ್ಲಿ ತಡಕಾಡಿ ಇನ್ನೊಂದು ರೂಪಾಯಿ ಹಾಕಿ, “ಹೇಳ್ತೀನಿ ಮೇಡಂ,” ಎಂದೆ.